ಉಪ್ಪಿನ ಋಣ

ನಮ್ಮ ಮನೆಗಳಲ್ಲಿ ಎಲೆ ಹಾಕಿದೊಡನೆ ಮೊದಲು ಬಡಿಸುವ ವಸ್ತು ಉಪ್ಪು. ಆದರೂ ಅದನ್ನು ಹೊಗಳುವವರು ಯಾರೂ ಇಲ್ಲ. ಪಾಯಸ ಸೊಗಸಾಗಿತ್ತು, ಹುಳಿ ಹದವಾಗಿತ್ತು ಎಂದು ಹೇಳಿ ಕೈತೊಳೆಯಲು ಏಳುವ ಅತಿಥಿಯು ಉಪ್ಪು ಚೆನ್ನಾಗಿತ್ತೆಂದು ಹೇಳಿದ್ದನ್ನು ನಾವಂತೂ ಕೇಳಿಲ್ಲ. ಹೀಗಿದ್ದರೂ ನಿಷ್ಠೆಯ ಮಾತು ಬಂದಾಗ ನಮ್ಮ ಜನ ಪಾಯಸದ ಹೆಸರನ್ನು ಎತ್ತುವುದಿಲ್ಲ. ‘ಅವರ ಉಪ್ಪುಂಡು ಅವರಿಗೇ ಎರಡು ಬಗೆಯುವುದೆ?’ ಎಂದೇ ಕೇಳುತ್ತಾರೆ. ಅನ್ನದ ಋಣವೆಂಬ ಮಾತಿನ ಪಕ್ಕದಲ್ಲಿಯೇ ಉಪ್ಪಿನ ಋಣವೆಂಬ ಮಾತೂ ನಿಂತಿದೆ.

ಬ್ಯಾಂಕಿನಲ್ಲಿ ಜಮಾ ಖರ್ಚು ಬರೆದು ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಋಣವೆಂಬ ಮಾತು ಕಿವಿಗೆ ಬಿದ್ದೊಡನೆ ಒಂದು ಪ್ರಶ್ನೆ ಹುಟ್ಟುತ್ತದೆ: ಸಾಲಗಾರ ಯಾರು, ಸಾಲ ಕೊಟ್ಟವರು ಯಾರು? ಉಪ್ಪಿನ ಲೆಕ್ಕದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ರೋಮು, ಚೀನ, ನಮ್ಮ ಭರತಖಂಡ ಇವೆಲ್ಲವನ್ನೂ ಒಂದು ಸುತ್ತು ನೋಡಿಬರಬೇಕಾಗುತ್ತದೆ. ವಾಚಕರು ಬೇಸರಪಡದೆ ನಮ್ಮೊಡನೆ ಬರಬೇಕೆಂದು ಪ್ರಾರ್ಥನೆ.

ಮೊದಲಿಗೆ ಉಪ್ಪು ಏಕೆ ಬೇಕೆಂಬುದನ್ನು ನೋಡೋಣ. ಬೇಟೆಯಾಡಿ ಮಾಂಸವನ್ನೇ ಹೆಚ್ಚಾಗಿ ತಿನ್ನುತ್ತಿದ್ದ ಕಾಲದಲ್ಲಿ ಮನುಷ್ಯನಿಗೆ ಉಪ್ಪನ್ನು ಬೇರೆಯಾಗಿ ಹುಡುಕುವ ಅಗತ್ಯ ಅಷ್ಟಾಗಿ ಇರಲಿಲ್ಲ. ಮಾಂಸದಲ್ಲಿಯೇ ಅದರ ಅಂಶವಿರುತ್ತದೆ. ಒಕ್ಕಲುತನ ಕಲಿತು, ಜೋಳ, ಗೋಧಿ, ಅಕ್ಕಿಗಳನ್ನು ನೆಚ್ಚಿದ ಮೇಲೆ ಉಪ್ಪಿನ ಕೊರತೆ ಕಾಣಿಸಿತು, ಏಕೆಂದರೆ ಧಾನ್ಯದಲ್ಲಿ ಉಪ್ಪಿನ ಅಂಶ ಬಹಳ ಸ್ವಲ್ಪ. ಜೊತೆಗೆ ಸಾಕಿದ ದನಕರುಗಳಿಗೂ ಉಪ್ಪು ಬೇಕಾಯಿತು. ಮೀನು, ಮಾಂಸ, ಕಾಯಿಪಲ್ಯಗಳನ್ನು ಕೆಡದಂತೆ ಇಡುವುದಕ್ಕೂ, ತೊಗಲು ಹದಮಾಡುವುದಕ್ಕೂ ಅದೇ ಬೇಕು. ಹೀಗೆ ಊರು ಕಟ್ಟಿಕೊಂಡು ಬಾಳಲು ತೊಡಗಿದ ಮನುಷ್ಯನು ಉಪ್ಪಿಗೆ ಕಟ್ಟುಬಿದ್ದನು.

ಆದರೆ ಬೇಕಾದಲ್ಲೆಲ್ಲ ಉಪ್ಪು ದೊರೆಯುವುದಿಲ್ಲ. ಕಡಲ ದಂಡೆಯಲ್ಲಿ ಬಿಸಿಲು ಚೆನ್ನಾಗಿದ್ದರೆ ನೀರನ್ನು ಮಡುಗಟ್ಟಿ ಆರಿಸಬಹುದು. ಬಿಸಿಲು ಸಾಲದಿದ್ದಲ್ಲಿ ಉಪ್ಪುನೀರನ್ನು ಕಾಯಿಸಿ ಬತ್ತಿಸಬೇಕು. ಅದಕ್ಕೆ ಕಾಡೇ ಸೌದೆಯಾಗಬೇಕು. ಕೆಲವು ಕಡೆ ನೆಲದೊಳಗೆ ಉಪ್ಪುನೀರಿನ ಬಾವಿ ತೋಡಬೇಕು, ಕೆಲವು ಕಡೆ ಬೆಟ್ಟವನ್ನು ಕೊರೆದು ಕಲ್ಲುಪ್ಪನ್ನು ಹೊರತೆಗೆಯಬೇಕು. ಯಾವ ರೀತಿಯಲ್ಲಾದರೂ ಮೈಬೆವರಿಲ್ಲದೆ ಉಪ್ಪಿಲ್ಲ.

ಈ ಬೆವರಿನ ಸಾಕ್ಷಿ ಆಸ್ಟ್ರಿಯಾ ದೇಶದ ಹಾಲ್‌ಷ್ಟಾಟ್ ಎಂಬ ಬೆಟ್ಟದೂರಿನಲ್ಲಿ ಇಂದಿಗೂ ಉಳಿದುಬಂದಿದೆ. ಅಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದೆ ಜನ ಬೆಟ್ಟದ ಹೊಟ್ಟೆಗೆ ಇಳಿದು ಉಪ್ಪನ್ನು ಅಗೆಯುತ್ತಿದ್ದರು. ಅವರು ಹತ್ತಿ ಇಳಿದ ಮರದ ಮೆಟ್ಟಿಲೊಂದು ೨೦೦೩ರಲ್ಲಿ ದೊರೆಯಿತು. ಅದರ ಮರವನ್ನು ಕಡಿದ ಕಾಲ ಕ್ರಿ. ಪೂ. ೧೩೪೪ರ ಸುಮಾರು ಎಂದು ಪರೀಕ್ಷೆಯಿಂದ ಗೊತ್ತಾಗಿದೆ. ಅವರು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ತೊಗಲಿನ ಬುಟ್ಟಿಗಳು ಸಹ ಸಿಕ್ಕಿವೆ. ಉಪ್ಪಿನಲ್ಲಿ ಹೂತಿದ್ದುದರಿಂದ ಮರವೂ ತೊಗಲೂ ಕೊಳೆಯಲಿಲ್ಲ. ಗಣಿಯ ಹತ್ತಿರದ ಸ್ಮಶಾನದಲ್ಲಿ ೧೮೪೬ರಿಂದ ೧೮೬೩ರವರೆಗೆ ಸುಮಾರು ೯೮೦ ಸಮಾಧಿಗಳನ್ನು ಅಗೆದು ನೋಡಿದರು. ದೂರ ದೇಶಗಳಿಂದ ಬಂದ ಅಂಬರು ಮೊದಲಾದ ಬೆಲೆಬಾಳುವ ವಸ್ತುಗಳು ಅವುಗಳಲ್ಲಿದ್ದವು. ಉಪ್ಪು ಆ ಊರಿಗೆ ಸಿರಿಯನ್ನು ತಂದಿತ್ತು. ಆದರೆ ಅಲ್ಲಿನ ಎಲುಬುಗಳನ್ನು ಪರೀಕ್ಷಿಸಿದ ವಿದ್ವಾಂಸರಿಗೆ ಗಂಡಸರು, ಹೆಂಗಸರು, ಮಕ್ಕಳು ಎಲ್ಲರ ಮೈಯಲ್ಲಿಯೂ ಭಾರ ಹೊತ್ತು ಸವೆದ ಗುರುತುಗಳು ಕಂಡುಬಂದವು. ಉಪ್ಪಿನ ಚರಿತ್ರೆಯ ಮೊದಲ ಪುಟವನ್ನು ಬರೆದವರು ಈ ಹೊರೆಯಾಳುಗಳು.

ಒಂದು ಕಡೆ ಉಪ್ಪು ಹುಟ್ಟಬೇಕು, ಮತ್ತೊಂದು ಕಡೆ ಜನ ಅದನ್ನು ಉಣ್ಣಬೇಕು ಎಂದಮೇಲೆ ನಡುವೆ ದಾರಿ ಬೇಕಷ್ಟೆ. ರೋಮು ನಗರದಿಂದ ಈಶಾನ್ಯಕ್ಕೆ ಹೊರಟು, ಬೆಟ್ಟಗಳನ್ನು ದಾಟಿ, ಏಡ್ರಿಯಾಟಿಕ್ ಸಮುದ್ರದವರೆಗೆ ಹೋಗುವ ಹಳೆಯ ಹೆದ್ದಾರಿಗೆ ‘ವಿಯಾ ಸಲಾರಿಯಾ’ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಉಪ್ಪಿನ ದಾರಿ. ಟೈಬರ್ ನದಿ ಸಮುದ್ರಕ್ಕೆ ಬೀಳುವೆಡೆಯಲ್ಲಿ ಆದ ಉಪ್ಪನ್ನು ಒಳನಾಡಿನ ಸಬೈನರು ಈ ದಾರಿಯಿಂದ ಒಯ್ಯುತ್ತಿದ್ದರು. ಆ ನದೀಮುಖದಲ್ಲಿ ಉಪ್ಪಿನ ಆಗರಗಳನ್ನು ಮಾಡಿಸಿದವನು ರೋಮಿನ ನಾಲ್ಕನೆಯ ಅರಸ ಆಂಕಸ್ ಮಾರ್ಷಿಯಸ್ ಎಂದು ಲಿವಿ ಎಂಬ ಇತಿಹಾಸಕಾರನು ಬರೆದಿದ್ದಾನೆ. ದಾರಿಯ ಹೆಸರು ಇಂದಿಗೂ ಅಳಿದಿಲ್ಲ. ಮೋಟಾರುಗಳು ಓಡುವ ಈಗಿನ ಹೆದ್ದಾರಿಯನ್ನೂ ಇಟಲಿಯವರು ಸಲಾರಿಯಾ ಎಂದೇ ಕರೆಯುತ್ತಾರೆ.

ದಾರಿ ಹುಟ್ಟಿತೆಂದರೆ ಅಲ್ಲಿ ವ್ಯಾಪಾರಿ ಬರುತ್ತಾನೆ. ವ್ಯಾಪಾರಿಯ ಬೆನ್ನ ಹಿಂದೆಯೇ ಸರ್ಕಾರವೂ ಬರುತ್ತದೆ. ರೋಮಿನಲ್ಲಿ ಅದು ಬಂದ ಬಗೆ ಸ್ವಾರಸ್ಯವಾಗಿದೆ. ಅರಸರನ್ನು ಓಡಿಸಿ ಗಣರಾಜ್ಯ ಕಟ್ಟಿದ ಹೊಸದರಲ್ಲಿ, ಸಂಪ್ರದಾಯದ ಲೆಕ್ಕದಂತೆ ಕ್ರಿ. ಪೂ. ೫೦೮ರಲ್ಲಿ, ಪೊರ್ಸೆನ್ನ ಎಂಬ ದೊರೆ ನಗರದ ಮೇಲೆ ದಂಡೆತ್ತಿ ಬಂದನು. ಬಡಜನ ಶತ್ರುವಿನ ಕಡೆಗೆ ವಾಲಿಯಾರು ಎಂಬ ಅಂಜಿಕೆ ಹಿರಿಯರ ಸಭೆಗೆ ಹುಟ್ಟಿತು. ಆಗ ಅವರು ತೆಗೆದುಕೊಂಡ ಕ್ರಮಗಳಲ್ಲಿ ಒಂದು ಉಪ್ಪಿಗೆ ಸಂಬಂಧಿಸಿದ್ದು. ಖಾಸಗಿ ಜನ ವಿಪರೀತ ಬೆಲೆಗೆ ಮಾರುತ್ತಿದ್ದರೆಂಬ ಕಾರಣದಿಂದ ಉಪ್ಪಿನ ಮಾರಾಟವನ್ನು ಸರ್ಕಾರವೇ ವಹಿಸಿಕೊಂಡಿತು. ಬಡವನ ಮನಸ್ಸನ್ನು ಗೆಲ್ಲಬೇಕಾದರೆ ಅವನ ಅಡುಗೆಮನೆಯಿಂದ ಮೊದಲುಮಾಡಬೇಕೆಂಬುದು ಆ ಹಿರಿಯರಿಗೆ ತಿಳಿದಿತ್ತು.

ಬೆಲೆ ಇಳಿಸಲೆಂದು ಹಿಡಿದ ಕೈ ಬೆಲೆ ಏರಿಸುವುದಕ್ಕೂ ಒದಗುತ್ತದೆ. ಕ್ರಿ. ಪೂ. ೨೦೪ರಲ್ಲಿ, ಹ್ಯಾನಿಬಾಲನೊಡನೆ ನಡೆದ ದೀರ್ಘಯುದ್ಧದ ಕಡೆಗಾಲದಲ್ಲಿ, ಮಾರ್ಕಸ್ ಲಿವಿಯಸ್ ಮತ್ತು ಗೇಯಸ್ ಕ್ಲಾಡಿಯಸ್ ನೀರೋ ಎಂಬ ಇಬ್ಬರು ಅಧಿಕಾರಿಗಳು ಉಪ್ಪಿನ ಮೇಲೆ ಹೊಸ ಸುಂಕ ಹಾಕಿದರು. ಅದುವರೆಗೆ ರೋಮಿನಲ್ಲಿಯೂ ಇಟಲಿಯ ಉಳಿದೆಡೆಗಳಲ್ಲಿಯೂ ಉಪ್ಪಿಗೆ ಒಂದೇ ದರ. ಹೊಸ ಏರ್ಪಾಡಿನಂತೆ ರಾಜಧಾನಿಯಲ್ಲಿ ಹಳೆಯ ದರವೇ ಉಳಿಯಿತು. ಹೊರಗಿನ ಸಂತೆಗಳಲ್ಲಿಯೂ ಹಳ್ಳಿಗಳಲ್ಲಿಯೂ ಊರಿಗೊಂದರಂತೆ ಏರಿತು. ಕೂಗಿದರೆ ಕೇಳಿಸುವಷ್ಟು ಹತ್ತಿರವಿದ್ದವರಿಗೆ ರಿಯಾಯಿತಿ, ಕೂಗು ಕೇಳದಷ್ಟು ದೂರದಲ್ಲಿದ್ದವರಿಗೆ ಹೊರೆ! ಹಿಂದೊಮ್ಮೆ ತನ್ನನ್ನು ಅಪರಾಧಿಯೆಂದು ತೀರ್ಮಾನಿಸಿದ ಜನರ ಮೇಲೆ ಹಗೆ ತೀರಿಸಿಕೊಳ್ಳಲೆಂದೇ ಲಿವಿಯಸನು ಈ ಸುಂಕವನ್ನು ಹಾಕಿದನೆಂದು ಊರೆಲ್ಲ ಆಡಿಕೊಂಡಿತು. ಅವನಿಗೆ ‘ಸಲಿನೇಟರ್’, ಎಂದರೆ ಉಪ್ಪಿನವನು, ಎಂಬ ಅಡ್ಡಹೆಸರು ಅಂಟಿತು. ಯುದ್ಧದಲ್ಲಿ ಹ್ಯಾನಿಬಾಲನ ತಮ್ಮನನ್ನೇ ಸೋಲಿಸಿದ ಸೇನಾನಿಗಳಲ್ಲಿ ಒಬ್ಬನವನು. ಚರಿತ್ರೆಯಲ್ಲಿ ಉಳಿದದ್ದು ಮಾತ್ರ ಉಪ್ಪಿನ ಹೆಸರು.

ನಮ್ಮ ವಾಚಕರಲ್ಲಿ ಬಹುಮಂದಿ ತಿಂಗಳ ಸಂಬಳದವರು. ‘ಸ್ಯಾಲರಿ’ ಎಂಬ ಇಂಗ್ಲಿಷ್ ಮಾತು ಲ್ಯಾಟಿನಿನ ‘ಸಲೇರಿಯಂ’ ಎಂಬುದರಿಂದ ಬಂದಿತೆಂಬುದನ್ನು ಅನೇಕರು ಕೇಳಿರಬಹುದು. ಅದರ ಬೇರು ಉಪ್ಪಿನಲ್ಲಿಯೇ ಇದೆ, ಕ್ರಿ. ಶ. ಮೊದಲನೆಯ ಶತಮಾನದ ಪ್ಲಿನಿ ಎಂಬ ಗ್ರಂಥಕರ್ತನು ಆ ಸಂಬಂಧವನ್ನು ಆಗಲೇ ಗುರುತಿಸಿದ್ದನು. ಆದರೆ ರೋಮಿನ ಸಿಪಾಯಿಗೆ ನಾಣ್ಯದ ಬದಲು ಉಪ್ಪನ್ನೇ ಅಳೆದು ಕೊಡುತ್ತಿದ್ದರೆಂಬ ಕಥೆಗೆ ಹಳೆಯ ಗ್ರಂಥಗಳ ಆಧಾರವಿಲ್ಲ. ಅವನ ಸಂಬಳ ನಾಣ್ಯದಲ್ಲಿಯೇ ಬರುತ್ತಿತ್ತು. ಕಥೆ ಸುಳ್ಳಾದರೂ ಮಾತು ಸುಳ್ಳಲ್ಲ: ದುಡಿಮೆಯ ಫಲಕ್ಕೆ ಉಪ್ಪಿನ ಹೆಸರಿಟ್ಟ ಜನ ಅದರ ಬೆಲೆಯನ್ನು ಅರಿತವರೇ ಆಗಿದ್ದರು.

ರೋಮಿನಲ್ಲಿ ಈ ಸಂಗತಿಗಳು ನಡೆದ ನೂರು ವರ್ಷಗಳೊಳಗಾಗಿಯೇ ಚೀನದಲ್ಲಿ ಉಪ್ಪಿನ ಪ್ರಶ್ನೆ ಇನ್ನೂ ದೊಡ್ಡ ಪ್ರಮಾಣದಲ್ಲಿ ಎದ್ದಿತು. ಹಾನ್ ವಂಶದ ಚಕ್ರವರ್ತಿ ವೂ ಎಂಬವನು ಉತ್ತರದ ಷಿಯೊಂಗ್ನು ಜನರೊಡನೆ ವರ್ಷಗಟ್ಟಲೆ ಕಾದಿ ಬೊಕ್ಕಸವನ್ನು ಬರಿದುಮಾಡಿಕೊಂಡನು. ಹಣ ತರುವ ಉಪಾಯವನ್ನು ಕಲ್ಪಿಸಿದವರು ಪಂಡಿತರಲ್ಲ, ವ್ಯಾಪಾರದ ಮರ್ಮ ಬಲ್ಲವರು. ಅವರಲ್ಲಿ ಒಬ್ಬನು ಉಪ್ಪು ಕಾಯಿಸಿ ಸಿರಿವಂತನಾದವನು, ಇನ್ನೊಬ್ಬನು ಕಬ್ಬಿಣದ ಕುಲುಮೆಗಳ ಒಡೆಯ. ಮೂರನೆಯವನು ಸಾಂಗ್ ಹೊಂಗ್‌ಯಾಂಗ್. ವರ್ತಕನ ಮಗನಾದ ಇವನು ಬಾಯಿಲೆಕ್ಕದ ಚಾತುರ್ಯದಿಂದ ಹದಿಮೂರನೆಯ ವಯಸ್ಸಿಗೇ ಅರಮನೆಯ ಊಳಿಗಕ್ಕೆ ಸೇರಿದವನು. ಇವರ ಸಲಹೆಯಂತೆ ಕ್ರಿ. ಪೂ. ೧೧೯ರ ಸುಮಾರಿಗೆ ಉಪ್ಪು, ಕಬ್ಬಿಣಗಳೆರಡೂ ಸರ್ಕಾರದ ಏಕಸ್ವಾಮ್ಯವಾದವು. ಉಪ್ಪು ಕಾಯಿಸುವ ಬಾಣಲೆಯನ್ನು ಸಹ ಸರ್ಕಾರವೇ ಕೊಡತೊಡಗಿತು. ಗುಟ್ಟಾಗಿ ಉಪ್ಪು ಕಾಯಿಸಿದವನ ಎಡಗಾಲಿಗೆ ಕಬ್ಬಿಣದ ಬೇಡಿ ತೊಡಿಸಿ, ಸಲಕರಣೆಗಳನ್ನು ಮುಟ್ಟುಗೋಲು ಹಾಕಬೇಕೆಂದು ಕಟ್ಟಳೆಯಾಯಿತು.

ಈ ಏರ್ಪಾಡಿನ ಮರ್ಮವನ್ನು ಒಂದು ಚಿಕ್ಕ ಲೆಕ್ಕದಿಂದ ತಿಳಿಯಬಹುದು. ಒಬ್ಬನಿಗೆ ದಿನಕ್ಕೆ ೫ ಗ್ರಾಂ ಉಪ್ಪೆಂದು ಇಟ್ಟುಕೊಳ್ಳೋಣ. ಇಂದಿನ ವೈದ್ಯರು ಅದಕ್ಕಿಂತ ಕಡಮೆಯಿರಲೆಂದೇ ಹೇಳುತ್ತಾರೆ. ವರ್ಷಕ್ಕೆ ೨ ಕಿಲೋ ತುಂಬುವುದಿಲ್ಲ. ಐದು ಮಂದಿಯ ಸಂಸಾರಕ್ಕೆ ೯ ಕಿಲೋ ಚಿಲ್ಲರೆ. ಇಷ್ಟು ಅಲ್ಪ ವಸ್ತುವಿನ ಮೇಲೆ ಒಂದೆರಡು ಕಾಸು ಏರಿಸಿದರೆ ಮೇಲುನೋಟಕ್ಕೆ ಯಾರಿಗೂ ನೋಯದು. ಆದರೆ ಉಪ್ಪಿಲ್ಲದೆ ಬದುಕುವವನಿಲ್ಲವಾದ್ದರಿಂದ ಕೋಟಿ ಮನೆಗಳಿಂದಲೂ ಆ ಕಾಸು ತಪ್ಪದೆ ಬೊಕ್ಕಸಕ್ಕೆ ಹರಿಯುತ್ತದೆ. ಮುಖ್ಯವಾದ ಮಾತೆಂದರೆ, ನೂರು ಪಟ್ಟು ಸಿರಿಯುಳ್ಳವನು ನೂರು ಪಟ್ಟು ಉಪ್ಪನ್ನು ತಿನ್ನಲಾರನು. ಭೂಮಿಯ ಕಂದಾಯ ಹೊಲದ ಅಳತೆಯನ್ನು ನೋಡುತ್ತದೆ. ಉಪ್ಪಿನ ಸುಂಕ ಬಾಯಿಗಳನ್ನು ಎಣಿಸುತ್ತದೆ. ಬಾಯಿಗಳು ಹೆಚ್ಚಾಗಿಯೂ ವರಮಾನ ಕಡಮೆಯಾಗಿಯೂ ಇರುವ ಮನೆಯೇ ಅದರ ಭಾರವನ್ನು ಹೆಚ್ಚಾಗಿ ಹೊರಬೇಕು.

ಚಕ್ರವರ್ತಿ ವೂ ಗತಿಸಿದ ಮೇಲೆ, ಕ್ರಿ. ಪೂ. ೮೧ರಲ್ಲಿ, ಪ್ರಪಂಚದ ಚರಿತ್ರೆಯಲ್ಲಿಯೇ ಅಪರೂಪವೆನ್ನಬಹುದಾದ ಒಂದು ಚರ್ಚೆ ಚೀನದ ರಾಜಧಾನಿಯಲ್ಲಿ ನಡೆಯಿತು. ನಾನಾ ಪ್ರಾಂತಗಳಿಂದ ಅರವತ್ತಕ್ಕೂ ಮಿಕ್ಕ ಪಂಡಿತರನ್ನು ಕರೆಯಿಸಿ, ಪ್ರಜೆಗಳ ಕಷ್ಟವೇನೆಂದು ಕೇಳಲಾಯಿತು. ಉಪ್ಪು ಕಬ್ಬಿಣಗಳ ಏಕಸ್ವಾಮ್ಯವನ್ನು ರದ್ದುಗೊಳಿಸಬೇಕೆಂದು ಅವರು ಒಕ್ಕೊರಲಿನಿಂದ ಹೇಳಿದರು. ಸರ್ಕಾರ ತನ್ನ ಪ್ರಜೆಗಳೊಡನೆಯೇ ಲಾಭಕ್ಕಾಗಿ ಪೈಪೋಟಿ ಮಾಡಬಾರದೆಂದೂ, ಬೆಲೆ ಏರಿ ಬಡವರು ಸಪ್ಪೆಯೂಟ ಮಾಡುತ್ತಿದ್ದಾರೆಂದೂ ಅವರ ವಾದ. ಆಗ ಹಿರಿಯ ಮಂತ್ರಿಯಾಗಿದ್ದ ಸಾಂಗ್ ಹೊಂಗ್‌ಯಾಂಗ್ ಬಿಟ್ಟುಕೊಡಲಿಲ್ಲ. ಗಡಿ ಕಾಯುವ ಸೈನಿಕರಿಗೆ ಹಣವನ್ನು ಎಲ್ಲಿಂದ ತರುವುದು? ಸರ್ಕಾರ ಕೈಬಿಟ್ಟರೆ ಉಪ್ಪು ಬಡವನ ಕೈಗೆ ಬರುವುದಿಲ್ಲ, ನಾಲ್ಕು ಜನ ಬಲಿಷ್ಠ ಸಾಹುಕಾರರ ಕೈ ಸೇರುತ್ತದೆ, ಎಂದು ಅವನು ಎದುರುವಾದ ಹೂಡಿದನು.

ಇಬ್ಬರ ಮಾತಿನಲ್ಲಿಯೂ ಹುರುಳಿದೆಯೆಂದು ನಮಗೆ ತೋರುತ್ತದೆ. ರೋಮಿನ ಹಿರಿಯರು ಉಪ್ಪನ್ನು ವಶಪಡಿಸಿಕೊಂಡದ್ದು ಸಾಂಗನು ಹೆದರಿಸಿದ ಅಂಥ ಖಾಸಗಿ ದರೋಡೆಯನ್ನು ತಡೆಯಲೆಂದೇ ಅಲ್ಲವೆ? ಸಲಿನೇಟರನ ಕೈಯಲ್ಲಿ ಅದೇ ಅಧಿಕಾರ ಪಂಡಿತರು ದೂರಿದಂಥ ಹೊರೆಯಾಯಿತಲ್ಲವೆ? ಉಪ್ಪಿನ ಕೀಲಿಕೈ ಯಾರ ಬಳಿಯಿದೆ ಎಂಬುದಕ್ಕಿಂತ, ಅದನ್ನು ಹಿಡಿದವನು ಯಾರಿಗೆ ಲೆಕ್ಕ ಒಪ್ಪಿಸುತ್ತಾನೆ ಎಂಬುದೇ ದೊಡ್ಡ ಪ್ರಶ್ನೆ. ಆ ಚರ್ಚೆಯ ಕೊನೆಗೆ ಮದ್ಯದ ಏಕಸ್ವಾಮ್ಯ ಹೋಯಿತು, ಉಪ್ಪಿನದು ಉಳಿಯಿತು. ಸಾಂಗನು ಮರುವರ್ಷವೇ ಅರಮನೆಯ ಒಳಸಂಚೊಂದರಲ್ಲಿ ಸಿಕ್ಕಿ ಮರಣದಂಡನೆಗೆ ಗುರಿಯಾದನು. ಕೆಲವು ದಶಕಗಳ ಮೇಲೆ ಹುವಾನ್ ಕ್ವಾನ್ ಎಂಬ ವಿದ್ವಾಂಸನು ಎರಡು ಪಕ್ಷಗಳ ವಾದವನ್ನೂ ಗ್ರಂಥವಾಗಿ ಬರೆದಿಟ್ಟದ್ದರಿಂದ ಅದು ನಮ್ಮವರೆಗೆ ಬಂದಿದೆ.

ಇನ್ನು ನಮ್ಮ ದೇಶದ ಕಡೆಗೆ ಬರೋಣ. ಇಲ್ಲಿಯೂ ಅರಸನ ಕಣ್ಣು ಉಪ್ಪಿನ ಮೇಲೆ ಇದ್ದೇ ಇತ್ತು. ಕೌಟಿಲ್ಯನ ಅರ್ಥಶಾಸ್ತ್ರವು ಲವಣಾಧ್ಯಕ್ಷನೆಂಬ ಅಧಿಕಾರಿಯನ್ನು ಹೇಳುತ್ತದೆ. ಈ ಗ್ರಂಥದ ಓಲೆಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ೧೯೦೫ರಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟವರು ನಮ್ಮ ಆರ್. ಶಾಮಶಾಸ್ತ್ರಿಗಳೆಂಬುದು ಕನ್ನಡಿಗರೆಲ್ಲರಿಗೂ ಅಭಿಮಾನದ ಸಂಗತಿ. ಅದರಂತೆ ಹೊರಗಿನಿಂದ ಬರುವ ಉಪ್ಪಿನಲ್ಲಿ ಆರನೆಯ ಒಂದು ಪಾಲು ಅರಸನಿಗೆ ಸಲ್ಲಬೇಕು. ಕಲಬೆರಕೆ ಮಾಡಿದವನಿಗೂ, ಅಪ್ಪಣೆಯಿಲ್ಲದೆ ಉಪ್ಪಿನಿಂದ ಜೀವಿಸುವವನಿಗೂ ಕಠಿಣ ದಂಡ. ಆದರೆ ಅಲ್ಲಿಯೇ ಒಂದು ವಿನಾಯಿತಿಯೂ ಇದೆ: ಶ್ರೋತ್ರಿಯರು, ತಪಸ್ವಿಗಳು ಮತ್ತು ಬಿಟ್ಟಿಯ ಕೂಲಿಯಾಳುಗಳು ತಮ್ಮ ಊಟಕ್ಕೆ ಬೇಕಾದಷ್ಟು ಉಪ್ಪನ್ನು ಸುಂಕವಿಲ್ಲದೆ ಒಯ್ಯಬಹುದು. ಕಾಸಿಗೆ ಕಾಸು ಕೂಡಿಸುವ ಕೌಟಿಲ್ಯನಂಥವನೂ ಕೂಲಿಯವನ ಅನ್ನದ ಉಪ್ಪಿಗೆ ಕೈಹಾಕಬಾರದೆಂದು ಕಂಡುಕೊಂಡಿದ್ದನು.

ಶಾಸ್ತ್ರದಲ್ಲಿ ಬರೆದದ್ದು ಶಾಸನಗಳಲ್ಲಿಯೂ ಕಾಣುತ್ತದೆ. ಮುಂಬಯಿ, ಪುಣೆಗಳ ಕನ್ನಡಿಗರಲ್ಲಿ ನಾಸಿಕದ ಗುಹೆಗಳನ್ನು ನೋಡಿದವರು ಹಲವರಿರಬಹುದು. ಅಲ್ಲಿನ ಮೂರನೆಯ ಗುಹೆಯಲ್ಲಿ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿಯ ಆಜ್ಞೆಯೊಂದು ಕೊರೆಯಲ್ಪಟ್ಟಿದೆ. ಅದು ಹೊರಟದ್ದು ವೈಜಯಂತಿಯ ಸೇನೆಯ ಬೀಡಿನಿಂದ. ವೈಜಯಂತಿಯೆಂದರೆ ನಮ್ಮ ಬನವಾಸಿಯೆಂದು ಅನೇಕ ವಿದ್ವಾಂಸರ ಮತ. ಸನ್ಯಾಸಿಗಳಿಗೆ ಹೊಲವೊಂದನ್ನು ದತ್ತಿಯಾಗಿ ಬಿಟ್ಟು, ಅದರೊಳಗೆ ಯಾರೂ ಪ್ರವೇಶಿಸಕೂಡದು, ಉಪ್ಪಿಗಾಗಿ ಅಗೆಯಕೂಡದು ಎಂದು ಅರಸನು ವಿಧಿಸಿದ್ದಾನೆ. ಬಳ್ಳಾರಿ ಸೀಮೆಯ ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನವೂ ದತ್ತಿಯ ಭೂಮಿಗೆ ಉಪ್ಪು ಬೆಲ್ಲಗಳ ಕಾಟ ತಗಲಕೂಡದೆಂದು ಹೇಳುತ್ತದೆ. ಲೆಕ್ಕಪತ್ರ ನೋಡುವವರಿಗೆ ಇದರ ಅರ್ಥ ಸ್ಪಷ್ಟ: ಒಂದು ಹೊಲಕ್ಕೆ ವಿನಾಯಿತಿ ಕೊಟ್ಟರೆಂದರೆ, ಉಳಿದ ಹೊಲಗಳಿಗೆ ಆ ಕಾಟ ಇತ್ತೆಂದೇ ತಿಳಿಯಬೇಕು. ಪುಣ್ಯಕ್ಕೆಂದು ಕೊರೆಸಿದ ಆ ಒಂದು ಸಾಲಿನ ಹಿಂದೆ ಹೆಸರಿಲ್ಲದ ಎಷ್ಟೋ ಒಕ್ಕಲುಗಳ ದೂರು ಅಡಗಿದೆ.

ಈಗ ಮೊದಲಿನ ಪ್ರಶ್ನೆಯನ್ನು ಎತ್ತಿಕೊಳ್ಳಬಹುದು. ‘ನಮ್ಮ ಉಪ್ಪುಂಡಿದ್ದೀಯೆ, ನಮಗೆ ನಿಷ್ಠನಾಗಿರು’ ಎಂಬ ಮಾತು ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಪಾರಸಿಕ ಚಕ್ರವರ್ತಿ ಅರ್ತಕ್ಷರ್ಕ್ಸನಿಗೆ ಅವನ ಅಧಿಕಾರಿಗಳು ಬರೆದ ಕಾಗದವೊಂದು ಬೈಬಲಿನ ಎಜ್ರನ ಗ್ರಂಥದಲ್ಲಿದೆ. ತಾವು ಅರಮನೆಯ ಉಪ್ಪುಂಡವರಾದ್ದರಿಂದ ದೊರೆಗೆ ಕೇಡಾಗುವುದನ್ನು ನೋಡುತ್ತ ಸುಮ್ಮನಿರಲಾರೆವೆಂದು ಅವರು ಅದರಲ್ಲಿ ನಿವೇದಿಸಿಕೊಂಡಿದ್ದಾರೆ. ಎಲ್ಲ ಕಾಲದ ದೊರೆಗಳೂ ಉಪ್ಪಿನ ಖಾತೆಯನ್ನು ಹೀಗೆಯೇ ಬರೆದಿದ್ದಾರೆ. ಕೊಟ್ಟವನು ಒಡೆಯ, ಸಾಲಗಾರನು ಪ್ರಜೆ. ಆದರೆ ಒಡೆಯನು ಆ ಉಪ್ಪನ್ನು ಎಲ್ಲಿಂದ ತಂದನು? ಬೆಟ್ಟದೊಳಗೆ ಬೆನ್ನು ಸವೆಸಿದ ಹೊರೆಯಾಳಿನಿಂದ, ಸರ್ಕಾರಿ ಬಾಣಲೆಯ ಮುಂದೆ ಬೆಂದವನಿಂದ, ಸುಂಕದ ಕಾಸು ತೆತ್ತ ಮನೆಯೊಡತಿಯಿಂದ. ಖಾತೆಯನ್ನು ನೆಟ್ಟಗೆ ಬರೆದರೆ ಸಾಲಗಾರನ ಹೆಸರಿನ ಎದುರಿಗೆ ಅರಮನೆಯನ್ನೇ ಕಾಣಿಸಬೇಕಾಗುತ್ತದೆ.

ಈ ಲೆಕ್ಕವನ್ನು ನಮ್ಮ ಕಾಲಕ್ಕೆ ತಿದ್ದಿದವರು ಗಾಂಧೀಜಿ. ೧೯೩೦ರ ಏಪ್ರಿಲ್ ೬ರಂದು ಅವರು ದಂಡಿಯ ದಂಡೆಯಲ್ಲಿ ಹಿಡಿ ಉಪ್ಪನ್ನು ಎತ್ತಿದರು. ವಾರ ಕಳೆಯುವುದರೊಳಗೆ, ೧೩ರಂದು, ನಮ್ಮ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕನ್ನಡಿಗರೂ ಕಾನೂನು ಮುರಿದು ಉಪ್ಪು ಮಾಡಿದರು. ಎರಡು ಸಾವಿರ ವರ್ಷಗಳ ಹಿಂದೆ ಚೀನದ ಪಂಡಿತರು ಬಾಯಿಮಾತಿನಲ್ಲಿ ಕೇಳಿದ್ದನ್ನು ಇವರು ಕೈಯಿಂದ ಮಾಡಿ ತೋರಿಸಿದರು. ೧೯೪೭ರಲ್ಲಿ ಉಪ್ಪಿನ ತೆರಿಗೆ ತೊಲಗಿತು. ೨೦೧೭ರಲ್ಲಿ ಬಂದ ಜಿ. ಎಸ್. ಟಿ.ಯನ್ನೂ ಊಟದ ಉಪ್ಪಿನ ಮೇಲೆ ಹಾಕಿಲ್ಲ.

ಹಾಗೆಂದು ಋಣ ತೀರಿತೆನ್ನುವಂತಿಲ್ಲ. ನಾವು ಇಂದು ಉಣ್ಣುವ ಉಪ್ಪಿನ ಬಹುಭಾಗ ಗುಜರಾತಿನಿಂದ ಬರುತ್ತದೆ. ಅಲ್ಲಿನ ಕಚ್ಛದ ರಣದಲ್ಲಿ ಅಗರಿಯಾ ಜನ ತಿಂಗಳುಗಟ್ಟಲೆ ಬಿಸಿಲಿನಲ್ಲಿ ನಿಂತು ಉಪ್ಪು ಬೆಳೆಯುತ್ತಾರೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಲ್ಲಿಯೂ ಬರಿಗಾಲಿನ ದುಡಿಮೆಯೇ ಉಪ್ಪಾಗುತ್ತದೆ. ಕನ್ನಡ ನಾಡನ್ನು ಬಿಟ್ಟು ಬಂದು ಈ ನಗರದಲ್ಲಿ ನೆಲೆಸಿರುವ ನಮಗೆ, ಯಾರ ಉಪ್ಪನ್ನು ಉಣ್ಣುತ್ತಿದ್ದೀರಿ ಎಂದು ಕೇಳುವವರು ಆಗಾಗ ಸಿಗುತ್ತಾರೆ. ಕೆಲವರು ಅದನ್ನು ಪ್ರೀತಿಯಿಂದ ಕೇಳುತ್ತಾರೆ, ಕೆಲವರು ಚುಚ್ಚಿ ಕೇಳುತ್ತಾರೆ. ಅವರಿಗೆ ನಾವು ನಿಸ್ಸಂಕೋಚವಾಗಿ ಉತ್ತರ ಹೇಳಬಹುದು: ಈ ಊರಿನ ಉಪ್ಪನ್ನು ಉಣ್ಣುತ್ತಿದ್ದೇವೆ, ದುಡಿದು ಉಣ್ಣುತ್ತಿದ್ದೇವೆ, ಈ ಊರಿಗೆ ನಾವು ಎರಡು ಬಗೆಯುವವರಲ್ಲ. ಹುಟ್ಟಿದ ನಾಡಿನ ಉಪ್ಪೂ ನಮ್ಮ ಮೈಯಲ್ಲಿದೆ. ಅದರ ಭಾಷೆಯನ್ನು ಮಕ್ಕಳಿಗೆ ಕಲಿಸಿ ಆ ಬಾಕಿಯನ್ನು ಸಲ್ಲಿಸುತ್ತಿದ್ದೇವೆ. ಆದರೆ ಎರಡಕ್ಕೂ ಮೊದಲು ನಾವು ಋಣಿಗಳಾಗಿರುವುದು ಬಿಸಿಲಲ್ಲಿ ನಿಂತು ಉಪ್ಪು ತೆಗೆದವನಿಗೆ. ಅವನ ದುಡಿಮೆಗೆ ತಕ್ಕ ಕೂಲಿ ದೊರೆಯುವವರೆಗೆ ನಮ್ಮೆಲ್ಲರ ಖಾತೆಯಲ್ಲಿಯೂ ಬಾಕಿ ಇದ್ದೇ ಇರುತ್ತದೆ.